ಒಂದು ದ್ವೀಪ, ಎರಡು ಜೆರ್ಸಿ: ಜಾನಿ ಕೇರಿಯ ಕತೆ

1946ರ ಸೆಪ್ಟೆಂಬರ್ 28, ಶನಿವಾರ. ಬೆಲ್‌ಫಾಸ್ಟ್‌ನ ವಿಂಡ್ಸರ್ ಪಾರ್ಕ್ ಮೈದಾನದಲ್ಲಿ ಐರ್ಲೆಂಡ್ ತಂಡ ಇಂಗ್ಲೆಂಡ್ ಎದುರು 7–2ರಿಂದ ಸೋತಿತು. ಸೆಪ್ಟೆಂಬರ್ 30, ಸೋಮವಾರ. ಡಬ್ಲಿನ್‌ನ ಡಾಲಿಮೌಂಟ್ ಪಾರ್ಕ್‌ನಲ್ಲಿ ಐರ್ಲೆಂಡ್ ತಂಡ ಅದೇ ಇಂಗ್ಲೆಂಡ್ ಎದುರು 1–0ಯಿಂದ ಸೋತಿತು. ಎರಡೇ ದಿನದಲ್ಲಿ ಎಷ್ಟೊಂದು ಸುಧಾರಣೆ ಅಂದ್ಕೋಬೇಡಿ. ಇವೆರಡೂ ಬೇರೆ ಬೇರೆ ತಂಡಗಳು. ಬೇರೆ ಸಂಸ್ಥೆ, ಬೇರೆ ಆಯ್ಕೆ, ಬೇರೆ ಊರು. ಹೆಸರು ಮಾತ್ರ ಎರಡಕ್ಕೂ ಐರ್ಲೆಂಡ್ ಅಂತಲೇ.

ಎರಡೂ ಪಂದ್ಯಗಳಲ್ಲಿ ಆಡಿದ ಒಬ್ಬ ಇದ್ದಾನೆ. ಶನಿವಾರ ಏಳು ಗೋಲು ತಿಂದ ತಂಡದಲ್ಲಿ ಇದ್ದವನು ಸೋಮವಾರ ಇನ್ನೊಂದು ತಂಡದ ನಾಯಕ. ಹೆಸರು ಜಾನಿ ಕೇರಿ. ಕನ್ನಡದಲ್ಲಿ ಬರೆದರೆ ನಮ್ಮೂರಿನ ಯಾವುದೋ ಬೀದಿಯ ಹೆಸರಿನ ಥರಾ ಕಾಣುತ್ತೆ. ಆದರೆ ಈ ಮನುಷ್ಯನ ಕತೆಯಲ್ಲಿ ಅವನದು ಯಾವ ಕೇರಿ ಅನ್ನೋದೇ ದೊಡ್ಡ ಪ್ರಶ್ನೆ.

ಮೊದಲು ಈ ಎರಡು ತಂಡದ ಗೋಜಲು ಬಿಡಿಸಿಬಿಡೋಣ, ಇಲ್ಲದಿದ್ದರೆ ಮುಂದೆ ಏನೂ ಅರ್ಥ ಆಗಲ್ಲ. ಐರ್ಲೆಂಡ್ ಸುಮಾರು 84,000 ಚದರ ಕಿಲೋಮೀಟರ್ ಇರುವ ದ್ವೀಪ. 1880ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಇಡೀ ದ್ವೀಪಕ್ಕೆ ಸೇರಿದ ಹಾಗೆ ಒಂದು ಫುಟ್‌ಬಾಲ್ ಸಂಸ್ಥೆ ಹುಟ್ಟಿತು. 1921ರಲ್ಲಿ ದ್ವೀಪ ಎರಡು ಭಾಗ ಆಯಿತು. ಉತ್ತರದ ಆರು ಕೌಂಟಿಗಳು ಬ್ರಿಟನ್ ಜೊತೆ ಉಳಿದವು, ಉಳಿದ ಇಪ್ಪತ್ತಾರು ಕೌಂಟಿಗಳು ಬೇರೆಯಾಗಿ ಸ್ವಂತ ಸರ್ಕಾರ ಮಾಡಿಕೊಂಡವು. ಅದೇ ವರ್ಷ ಡಬ್ಲಿನ್‌ನವರು ಬೆಲ್‌ಫಾಸ್ಟ್ ಸಂಸ್ಥೆಯ ಜೊತೆ ಜಗಳ ಆಡಿಕೊಂಡು ತಮ್ಮದೇ ಇನ್ನೊಂದು ಸಂಸ್ಥೆ ಕಟ್ಟಿದರು. ವಿಚಿತ್ರ ಏನಪ್ಪಾ ಅಂದರೆ, ದೇಶ ಒಡೆದರೂ ಇಬ್ಬರೂ ಇಡೀ ದ್ವೀಪ ನಮ್ಮದೇ ಅನ್ನೋದನ್ನ ಬಿಡಲಿಲ್ಲ. ಇಬ್ಬರೂ ತಂಡಕ್ಕೆ ಐರ್ಲೆಂಡ್ ಅಂತಲೇ ಹೆಸರಿಟ್ಟರು. ಇಬ್ಬರೂ ಗಡಿಯ ಆಚೆಯ ಹುಡುಗರನ್ನೂ ಕರೆದು ಆಡಿಸಿದರು.

ಬೇರೆ ಆಟಗಳಲ್ಲಿ ಹೀಗಾಗಲಿಲ್ಲ. ರಗ್ಬಿ, ಕ್ರಿಕೆಟ್ ಎರಡರಲ್ಲೂ ಇವತ್ತಿಗೂ ದ್ವೀಪಕ್ಕೆ ಒಂದೇ ತಂಡ. 2011ರ ವಿಶ್ವಕಪ್‌ನಲ್ಲಿ ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಇಂಗ್ಲೆಂಡನ್ನು ಮಣ್ಣು ಮುಕ್ಕಿಸಿದ ಐರ್ಲೆಂಡ್ ನೆನಪಿದೆ ತಾನೆ? 50 ಬಾಲಿಗೆ ಸೆಂಚುರಿ ಹೊಡೆದ ಕೆವಿನ್ ಒಬ್ರಿಯನ್ ಡಬ್ಲಿನ್‌ನವನು, ಕ್ಯಾಪ್ಟನ್ ಪೋರ್ಟರ್‌ಫೀಲ್ಡ್ ಉತ್ತರ ಐರ್ಲೆಂಡಿನವನು. ಇಬ್ಬರೂ ಹಾಕಿದ್ದು ಒಂದೇ ಹಸಿರು ಬಟ್ಟೆ. ಫುಟ್‌ಬಾಲ್‌ಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ.

ಈ ಜಗಳಕ್ಕೆ ಎರಡು ವರ್ಷ ಮೊದಲು, 1919ರ ಫೆಬ್ರವರಿ 23ರಂದು ಕೇರಿ ಡಬ್ಲಿನ್‌ನಲ್ಲಿ ಹುಟ್ಟಿದ. ಹುಡುಗನಾಗಿದ್ದಾಗ ಹೆಚ್ಚು ಆಡಿದ್ದು ಗೇಲಿಕ್ ಫುಟ್‌ಬಾಲ್. ಅದು ಐರಿಷರ ಸ್ವಂತ ಆಟ, ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಒಂದೊಂದು ಕಡೆ ಹದಿನೈದು ಜನ. ಅದರಲ್ಲಿ ಡಬ್ಲಿನ್‌ನ ಕಿರಿಯರ ತಂಡಕ್ಕೆ ಆಡುವ ಮಟ್ಟಕ್ಕೆ ಬಂದಿದ್ದ. ಆಗ ಗೇಲಿಕ್ ಆಟಗಳ ಸಂಘಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು: ಸದಸ್ಯರು ಸಾಕರ್, ರಗ್ಬಿ, ಕ್ರಿಕೆಟ್, ಹಾಕಿಯಂಥ ಪರಕೀಯರ ಆಟ ಆಡುವಂತಿಲ್ಲ. 1971ರವರೆಗೂ ಆ ನಿಷೇಧ ಇತ್ತು. ಅಂದರೆ ಸಾಕರ್ ಕಡೆ ಹೊರಟ ಹುಡುಗ ಬರೀ ಆಟ ಬದಲಾಯಿಸಿದ ಹಾಗಲ್ಲ, ಪಕ್ಷ ಬದಲಾಯಿಸಿದ ಹಾಗೆ. ಜೀವನದಲ್ಲಿ ಕೇರಿ ದಾಟಿದ ಮೊದಲ ಗೆರೆ ಇದು ಅಂತ ನಮಗನ್ನಿಸುತ್ತೆ.

1936ರಲ್ಲಿ ಸೇಂಟ್ ಜೇಮ್ಸ್ ಗೇಟ್ ಅನ್ನೋ ಕ್ಲಬ್ ಸೇರಿದ. ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರರಿಗೆ ಅಂತ ಹುಟ್ಟಿದ ಕ್ಲಬ್ ಅದು. (ಹೌದು, ದಾಖಲೆಗಳ ಪುಸ್ತಕ ಹೊರತಂದ ಗಿನ್ನೆಸ್ಸೇ.) ಕೆಲವೇ ವಾರ ಆಡಿರಬೇಕು, ಅಷ್ಟರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಟಗಾರರನ್ನು ಹುಡುಕುತ್ತಿದ್ದ ಲೂಯಿ ರೊಕ್ಕಾ ಡಬ್ಲಿನ್‌ಗೆ ಬಂದ. ಬಂದಿದ್ದು ಬೇರೆ ಯಾರನ್ನೋ ನೋಡೋಕೆ, ಕಣ್ಣಿಗೆ ಬಿದ್ದಿದ್ದು ಹದಿನೇಳು ವರ್ಷದ ಕೇರಿ. 250 ಪೌಂಡ್ ಕೊಟ್ಟು ಕರಕೊಂಡು ಹೋದ.

ಮ್ಯಾಂಚೆಸ್ಟರ್‌ಗೆ ಬಂದಿಳಿದ ದಿನದ ಬಗ್ಗೆ ಯುನೈಟೆಡ್ ಅಭಿಮಾನಿಗಳು ಹೇಳುವ ಕತೆಯೊಂದಿದೆ. ಯುನೈಟೆಡ್‌ಗೆ ದೊಡ್ಡ ಆಟಗಾರ ಬಂದ ಅಂತ ಪೇಪರ್ ಮಾರುವವನ ಬೋರ್ಡ್ ಮೇಲೆ ಬರೆದಿತ್ತಂತೆ. ಹುಡುಗ ಖುಷಿಯಾಗಿ ಪೇಪರ್ ಕೊಂಡು ನೋಡಿದರೆ, ಆ ದೊಡ್ಡ ಆಟಗಾರ ಬ್ಲ್ಯಾಕ್‌ಬರ್ನ್‌ನಿಂದ ಬಂದ ಎರ್ನಿ ಥಾಂಪ್ಸನ್. ಕೇರಿಯ ಸುದ್ದಿ ಎಲ್ಲೋ ಕೆಳಗೆ ಒಂದೆರಡು ಸಾಲು. ಆ ಥಾಂಪ್ಸನ್ ಯುನೈಟೆಡ್‌ಗೆ ಆಡಿದ ಪಂದ್ಯಗಳನ್ನು ಒಂದು ಕೈಯ ಬೆರಳಲ್ಲೇ ಎಣಿಸಬಹುದು. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ನೋಟಿಸ್ ಬೋರ್ಡ್ ಮುಂದೆ ನಿಂತಿರೋ ನಮ್ಮ ಸೀನಿಯರ್ಸ್ ಈ ಪ್ಯಾರಾ ಇನ್ನೊಂದ್ಸಲ ಓದಬಹುದು.

ಇವತ್ತಿನ ಯುನೈಟೆಡ್ ಮನಸ್ಸಲ್ಲಿಟ್ಟುಕೊಂಡು ಇದನ್ನ ಓದಬೇಡಿ. ಆಗಿನದು ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದ ಕ್ಲಬ್. ಕೇರಿ ಸೇರಿದ ಸೀಸನ್‌ನಲ್ಲೇ ಸೆಕೆಂಡ್ ಡಿವಿಷನ್‌ಗೆ ಬಿತ್ತು. ಮುಂದಿನ ಸೀಸನ್‌ನಲ್ಲಿ ಕೇರಿ ಮೊದಲ ತಂಡಕ್ಕೆ ಬಂದ, ಕ್ಲಬ್ ವಾಪಸ್ ಮೇಲಕ್ಕೆ ಹೋಯಿತು. 1937ರ ನವೆಂಬರ್‌ನಲ್ಲಿ ನಾರ್ವೆ ವಿರುದ್ಧ ಡಬ್ಲಿನ್ ಐರ್ಲೆಂಡಿನ ಪರ ಮೊದಲ ಪಂದ್ಯ, ಸ್ಕೋರ್ 3–3. ವಯಸ್ಸು ಹದಿನೆಂಟು. ಆಗ ಅವನು ಫಾರ್ವರ್ಡ್, ಗೋಲು ಹೊಡೆಯುವವರ ಸಾಲಿನವನು.

1939ರಲ್ಲಿ ಯುದ್ಧ ಶುರುವಾಯಿತು. ಇಂಗ್ಲೆಂಡಿನ ಲೀಗ್ ಮೂರು ಪಂದ್ಯಕ್ಕೇ ನಿಂತಿತು. ಅಲ್ಲಿಂದ ಏಳು ಸೀಸನ್ ಸರಿಯಾದ ಲೀಗ್ ಇಲ್ಲ. ಫುಟ್‌ಬಾಲ್ ಆಟಗಾರನಿಗೆ ಇಪ್ಪತ್ತರಿಂದ ಇಪ್ಪತ್ತೇಳರ ತನಕದ ವರ್ಷಗಳು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಕೇರಿಗೆ ಒಂದು ದಾರಿ ಇತ್ತು. ಐರ್ಲೆಂಡ್ ಆ ಯುದ್ಧದಲ್ಲಿ ತಟಸ್ಥ ದೇಶ. ದೋಣಿ ಹತ್ತಿ ಡಬ್ಲಿನ್‌ಗೆ ಹೋಗಿಬಿಟ್ಟಿದ್ದರೆ ಯಾರೂ ಏನೂ ಕೇಳುವಂತಿರಲಿಲ್ಲ, ಅಲ್ಲಿ ಲೀಗ್ ಕೂಡ ನಡೆಯುತ್ತಿತ್ತು. ಅವನು ಬ್ರಿಟಿಷ್ ಸೇನೆ ಸೇರಿದ. ಯಾಕೆ ಅಂದಿದ್ದಕ್ಕೆ, ತನಗೆ ಅನ್ನ ಕೊಡುವ ದೇಶಕ್ಕಾಗಿ ಹೋರಾಡೋದು ಸರಿ ಅನ್ನೋ ಅರ್ಥದ ಮಾತು ಹೇಳಿದನಂತೆ. ಮಧ್ಯಪ್ರಾಚ್ಯ, ಆಮೇಲೆ ಇಟಲಿ. ಬ್ರಿಟಿಷರ ವಿರುದ್ಧ ಬಂದೂಕು ಹಿಡಿದು ಸ್ವಾತಂತ್ರ್ಯ ಪಡೆದು ಇಪ್ಪತ್ತು ವರ್ಷ ಆಗಿತ್ತಷ್ಟೆ. ಆ ಊರಿನ ಹುಡುಗ ಅದೇ ಬ್ರಿಟಿಷರ ಸಮವಸ್ತ್ರ ಹಾಕಿಕೊಂಡ. ಹಾಗೆ ಮಾಡಿದ ಐರಿಷರು ಅವನೊಬ್ಬನೇ ಅಲ್ಲ, ಹತ್ತಾರು ಸಾವಿರ ಜನ ಇದ್ದರು. ಇದನ್ನ ದ್ರೋಹ ಅನ್ನೋರು ಇರಬಹುದು. ನಮಗೆ ಹಾಗೆ ಅನ್ನಿಸಲ್ಲ. ಹದಿನೇಳಕ್ಕೆ ಮನೆ ಬಿಟ್ಟು ಬಂದವನಿಗೆ ಊಟ, ಕೆಲಸ, ಗೆಳೆಯರು ಎಲ್ಲ ಸಿಕ್ಕಿದ್ದು ಮ್ಯಾಂಚೆಸ್ಟರ್‌ನಲ್ಲಿ. ಆ ಊರಿನ ಮೇಲೆ ಬಾಂಬ್ ಬೀಳುವಾಗ ಎದ್ದು ಹೋಗೋದು ಅವನ ಲೆಕ್ಕದಲ್ಲಿ ಸರಿ ಕಂಡಿರಲಿಕ್ಕಿಲ್ಲ.

ಬಾಂಬ್ ನಿಜವಾಗಿಯೂ ಬಿತ್ತು. 1941ರ ಮಾರ್ಚ್‌ನಲ್ಲಿ ಜರ್ಮನ್ ವಿಮಾನಗಳು ಓಲ್ಡ್ ಟ್ರಾಫರ್ಡ್ ಮೈದಾನವನ್ನೇ ಹಾಳುಗೆಡವಿದವು. ಯುದ್ಧ ಮುಗಿದ ಮೇಲೆ ಯುನೈಟೆಡ್‌ಗೆ ಸ್ವಂತ ಮನೆ ಇರಲಿಲ್ಲ. 1949ರವರೆಗೂ ಎದುರಾಳಿ ಮ್ಯಾಂಚೆಸ್ಟರ್ ಸಿಟಿಯ ಮೇನ್ ರೋಡ್ ಮೈದಾನದಲ್ಲಿ ಬಾಡಿಗೆಗೆ ಆಡಿತು. ಸಿಟಿ, ಯುನೈಟೆಡ್ ಅಂತ ಗ್ರೂಪಲ್ಲಿ ದಿನಾ ಕಿತ್ತಾಡೋರು ಇದನ್ನೊಂದು ಗಮನಿಸಿ.

1945ರ ಕೊನೆಗೆ ಮ್ಯಾಟ್ ಬಸ್ಬಿ ಮ್ಯಾನೇಜರ್ ಆಗಿ ಬಂದ. ಅವನು ಮಾಡಿದ ಮೊದಲ ಜಾಣ ಕೆಲಸಗಳಲ್ಲಿ ಎರಡು ಕೇರಿಗೆ ಸಂಬಂಧಿಸಿದ್ದು. ಒಂದು, ಅವನನ್ನು ಕ್ಯಾಪ್ಟನ್ ಮಾಡಿದ್ದು. ಇನ್ನೊಂದು, ಫಾರ್ವರ್ಡ್ ಆಗಿದ್ದವನನ್ನು ಹಿಂದಕ್ಕೆ ಎಳೆದು ಕೊನೆಗೆ ರೈಟ್ ಬ್ಯಾಕ್ ಜಾಗದಲ್ಲಿ ನಿಲ್ಲಿಸಿದ್ದು. ಆ ಕಾಲದ ಬ್ಯಾಕ್ ಅಂದರೆ ಚೆಂಡು ಬಂದರೆ ಆಕಾಶಕ್ಕೆ ಒದೆಯೋನು. ಕೇರಿ ಹಾಗಲ್ಲ. ಚೆಂಡು ಸಿಕ್ಕರೆ ತಲೆ ಎತ್ತಿ ನೋಡಿ, ತನ್ನವನ ಕಾಲಿಗೇ ಕೊಡೋನು. ಫಾರ್ವರ್ಡ್ ಆಗಿದ್ದವನಿಗೆ ಎದುರಿನ ಫಾರ್ವರ್ಡ್ ಏನು ಯೋಚಿಸ್ತಾನೆ ಅನ್ನೋದು ಗೊತ್ತಿತ್ತು. ಹಾಗಾಗಿ ಅಡ್ಡಬಿದ್ದು ಕಾಲು ಹಾಕೋದಕ್ಕಿಂತ ಮೊದಲೇ ಸರಿಯಾದ ಜಾಗದಲ್ಲಿ ನಿಂತಿರೋನು. ಇವತ್ತು ಹಿಂದಿನಿಂದಲೇ ಆಟ ಕಟ್ಟೋದು ಅಂತ ಯೂಟ್ಯೂಬ್ ವಿಡಿಯೋಗಳಲ್ಲಿ ಬಾಣದ ಗುರುತು ಹಾಕಿ ವಿವರಿಸ್ತಾರಲ್ಲ, ಹೆಚ್ಚುಕಡಿಮೆ ಅದೇ.

ಯುದ್ಧಾನಂತರದ ಆ ತಂಡ ಐದು ಸೀಸನ್‌ನಲ್ಲಿ ನಾಲ್ಕು ಸಲ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. 1948ರ ಎಫ್‌ಎ ಕಪ್ ಫೈನಲ್‌ನಲ್ಲಿ ಬ್ಲ್ಯಾಕ್‌ಪೂಲ್ ಎದುರು 70ನೇ ನಿಮಿಷದ ಹತ್ತಿರದ ತನಕ 2–1ರಿಂದ ಹಿಂದಿತ್ತು, ಎದುರಿಗೆ ಸ್ಟ್ಯಾನ್ಲಿ ಮ್ಯಾಥ್ಯೂಸ್. ಕ್ಯಾಪ್ಟನ್ ಗಾಬರಿಯಾಗಿ ಉದ್ದುದ್ದ ಒದೆಯೋಕೆ ಹೇಳಲಿಲ್ಲ, ನಮ್ಮ ಆಟವನ್ನೇ ಆಡೋಣ ಅಂದ. 4–2ಕ್ಕೆ ಗೆದ್ದರು. ಮರುವರ್ಷ ಫುಟ್‌ಬಾಲ್ ಬರಹಗಾರರು ವರ್ಷದ ಆಟಗಾರ ಪ್ರಶಸ್ತಿಯನ್ನು ಕೇರಿಗೆ ಕೊಟ್ಟರು. ಅದರ ಹಿಂದಿನ ವರ್ಷ ಮ್ಯಾಥ್ಯೂಸ್‌ಗೆ ಸಿಕ್ಕಿದ್ದ, ಆಗಷ್ಟೇ ಶುರುವಾಗಿದ್ದ ಪ್ರಶಸ್ತಿ ಅದು.

ದುಡ್ಡು? ಇಲ್ಲಿ ಸ್ವಲ್ಪ ಬೇಜಾರು. ಇಂಗ್ಲೆಂಡಿನಲ್ಲಿ ಆಗ ಆಟಗಾರರ ಸಂಬಳಕ್ಕೆ ಮಿತಿ ಇತ್ತು, 1947ರಲ್ಲಿ ವಾರಕ್ಕೆ ಹೆಚ್ಚೆಂದರೆ 12 ಪೌಂಡ್. ನಾಯಕನಿಗೂ ಅಷ್ಟೇ. ಲಕ್ಷ ಜನ ಟಿಕೆಟ್ ಕೊಂಡು ಬರುತ್ತಿದ್ದ ಕಾಲ.

ಲಕ್ಷ ಅಂದಿದ್ದು ಬಾಯಿಮಾತಿಗಲ್ಲ. 1947ರ ಮೇ 10ರಂದು ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಗ್ರೇಟ್ ಬ್ರಿಟನ್ ತಂಡಕ್ಕೂ ಯುರೋಪಿನ ಉಳಿದ ದೇಶಗಳ ತಂಡಕ್ಕೂ ಪಂದ್ಯ ಇಟ್ಟರು. ಬ್ರಿಟನ್ನಿನ ಫುಟ್‌ಬಾಲ್ ಸಂಸ್ಥೆಗಳು ಫಿಫಾಗೆ ಮರಳಿ ಸೇರಿದ ಸಂಭ್ರಮಕ್ಕೆ. ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಯುರೋಪ್ ತಂಡದ ಹನ್ನೊಂದು ಜನ ಒಂಬತ್ತು ದೇಶದವರು: ಫ್ರಾನ್ಸ್, ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್, ಇಟಲಿ, ಜೆಕೊಸ್ಲೊವಾಕಿಯಾ, ಬೆಲ್ಜಿಯಂ, ಸ್ವೀಡನ್, ಹಾಲೆಂಡ್, ಐರ್ಲೆಂಡ್. ಇವರೆಲ್ಲರ ನಾಯಕ ಕೇರಿ. ಎರಡು ವರ್ಷ ಹಿಂದೆ ಬ್ರಿಟಿಷ್ ಸೇನೆಯ ಬಟ್ಟೆಯಲ್ಲಿದ್ದವನು ಈಗ ಬ್ರಿಟನ್ ವಿರುದ್ಧ ಯುರೋಪಿನ ಕ್ಯಾಪ್ಟನ್! ಒಬ್ಬರ ಭಾಷೆ ಒಬ್ಬರಿಗೆ ಬಾರದ, ಒಟ್ಟಿಗೆ ಆಡಿ ಗೊತ್ತಿಲ್ಲದ ಆ ತಂಡ 6–1ಕ್ಕೆ ಸೋತಿತು. ಅಂಥ ತಂಡ ಗೆದ್ದಿದ್ದರೇ ಆಶ್ಚರ್ಯ.

ಈಗ ಐರ್ಲೆಂಡಿಗೆ ವಾಪಸ್ ಬರೋಣ. 1946ರಿಂದ 1949ರವರೆಗೆ ಕೇರಿ ಬೆಲ್‌ಫಾಸ್ಟ್ ತಂಡಕ್ಕೆ ಏಳು ಪಂದ್ಯ ಆಡಿದ, ಡಬ್ಲಿನ್ ತಂಡಕ್ಕೂ ಆಡುತ್ತಲೇ ಇದ್ದ. ಎರಡಕ್ಕೂ ನಾಯಕನಾದ. ಉತ್ತರದಲ್ಲಿ ಬ್ರಿಟಿಷ್ ಬಾವುಟದ ಕೆಳಗೆ ನಿಲ್ಲಬೇಕು, ದಕ್ಷಿಣದಲ್ಲಿ ಹಸಿರು ಬಿಳಿ ಕಿತ್ತಳೆ ಬಣ್ಣದ ಬಾವುಟದ ಕೆಳಗೆ. ಎರಡೂ ಕಡೆಯ ಅಧಿಕಾರಿಗಳಿಗೆ ಇವನು ಬೇಕು, ಆದರೆ ಇನ್ನೊಬ್ಬರ ಕಡೆ ಹೋಗೋದು ಬೇಡ. ಆಟಗಾರರ ಕಷ್ಟ ಯಾರಿಗೆ ಬೇಕಾಗಿತ್ತು?

1949ರ ಸೆಪ್ಟೆಂಬರ್ 21. ನಮ್ಮ ಪ್ರಕಾರ ಕೇರಿಯ ಬದುಕಿನ ಅತಿ ದೊಡ್ಡ ದಿನ ಇದೇ. ಅದೇ ವರ್ಷದ ಏಪ್ರಿಲ್‌ನಲ್ಲಿ ದಕ್ಷಿಣ ಐರ್ಲೆಂಡ್ ಗಣರಾಜ್ಯ ಅಂತ ಘೋಷಿಸಿಕೊಂಡು ಕಾಮನ್‌ವೆಲ್ತ್‌ನಿಂದ ಹೊರಗೆ ಬಂದಿತ್ತು. ಐದು ತಿಂಗಳಿಗೆ ಅದರ ತಂಡ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್‌ನಲ್ಲಿ ಇಂಗ್ಲೆಂಡ್ ಎದುರು ಇಳಿಯಿತು. ಬ್ರಿಟನ್ ದ್ವೀಪಗಳ ಆಚೆಯ ಯಾವ ತಂಡವೂ ಇಂಗ್ಲೆಂಡನ್ನು ಅದರ ನೆಲದಲ್ಲಿ ಅಲ್ಲಿಯವರೆಗೆ ಸೋಲಿಸಿರಲಿಲ್ಲ. ಇಂಗ್ಲೆಂಡ್ ಕಡೆ ಮೂರು ವರ್ಷ ಹಿಂದೆ ಡಬ್ಲಿನ್‌ನಲ್ಲಿ ಗೋಲು ಹೊಡೆದಿದ್ದ ಟಾಮ್ ಫಿನ್ನಿ ಇದ್ದ, ಬಿಲ್ಲಿ ರೈಟ್ ಇದ್ದ, ಕೇರಿಯ ಜೊತೆ ಯುನೈಟೆಡ್‌ನಲ್ಲಿ ಇನ್ನೊಂದು ಬದಿಯ ಬ್ಯಾಕ್ ಆಗಿ ಆಡುತ್ತಿದ್ದ ಜಾನ್ ಆಸ್ಟನ್ ಕೂಡ ಇದ್ದ.

ಮೊದಲಾರ್ಧದಲ್ಲಿ ಐರ್ಲೆಂಡಿಗೆ ಪೆನಾಲ್ಟಿ ಸಿಕ್ಕಿತು, ಕಾನ್ ಮಾರ್ಟಿನ್ ಹಾಕಿದ. ಆಮೇಲೆ ಇಂಗ್ಲೆಂಡ್ ಅಲೆ ಅಲೆಯಾಗಿ ಮೇಲೆ ಬಿತ್ತು. ಕೇರಿಯ ಸಾಲು ಅಲುಗಾಡಲಿಲ್ಲ. ಕೊನೆಯ ಐದು ನಿಮಿಷ ಇರುವಾಗ ಪೀಟರ್ ಫ್ಯಾರೆಲ್ ಇನ್ನೊಂದು ಹೊಡೆದ. ಫ್ಯಾರೆಲ್ ಎವರ್ಟನ್ ಆಟಗಾರ, ಗುಡಿಸನ್ ಅವನ ಸ್ವಂತ ಮೈದಾನ. 2–0.

ಈ ಗೆಲುವು ಎಷ್ಟು ಜನಕ್ಕೆ ಗೊತ್ತು? 1953ರಲ್ಲಿ ಹಂಗೇರಿ 6–3ಕ್ಕೆ ಗೆದ್ದಿದ್ದೇ ಇಂಗ್ಲೆಂಡ್ ನೆಲದಲ್ಲಿ ಪರದೇಶದವರ ಮೊದಲ ಗೆಲುವು ಅಂತ ಎಷ್ಟೋ ಕಡೆ ಓದಿರ್ತೀರಿ. ಐರಿಷರನ್ನು ಅವರು ಪರದೇಶದವರು ಅಂತ ಎಣಿಸಲೇ ಇಲ್ಲ. ಹೆಚ್ಚಿನವರು ಇಂಗ್ಲಿಷ್ ಲೀಗ್‌ನಲ್ಲೇ ಆಡೋರು, ಮಾತಾಡೋದು ಇಂಗ್ಲಿಷೇ, ಹಾಗಾಗಿ ನಮ್ಮವರೇ ಬಿಡು ಅಂತ. ಸೋತಾಗ ಮಾತ್ರ ನಮ್ಮವರು ಅನ್ನೋ ಈ ಉದಾರತೆ ನಮಗೆ ತಮಾಷೆಯಾಗಿ ಕಾಣುತ್ತೆ.

ಅತ್ತ ಗೋಜಲು ಮಿತಿ ಮೀರಿತ್ತು. 1950ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಎರಡೂ ಐರ್ಲೆಂಡ್ ಇದ್ದವು, ನಾಲ್ವರು ಆಟಗಾರರು ಎರಡೂ ತಂಡಕ್ಕೆ ಆಡಿಬಿಟ್ಟಿದ್ದರು. ಒಂದೇ ಯುಎಸ್‌ಎನ್ ಎರಡು ಕಾಲೇಜಿನಲ್ಲಿ ಪರೀಕ್ಷೆ ಬರೆದ ಹಾಗೆ. ಡಬ್ಲಿನ್ ಸಂಸ್ಥೆ ಆಟಗಾರರ ಮೇಲೆ ಒತ್ತಡ ಹಾಕಿತು, ಫಿಫಾ ಮಧ್ಯೆ ಬಂತು. 1950ರ ಮಾರ್ಚ್ ನಂತರ ಬೆಲ್‌ಫಾಸ್ಟ್ ತಂಡ ದಕ್ಷಿಣದವರನ್ನು ಕರೆಯೋದು ನಿಂತಿತು. ಮುಂದೆ ಫಿಫಾ ಇಬ್ಬರಿಗೂ ಬರೀ ಐರ್ಲೆಂಡ್ ಅನ್ನೋ ಹೆಸರು ಬೇಡ ಅಂತ ಹೇಳಿತು. ಉತ್ತರ ಐರ್ಲೆಂಡ್, ರಿಪಬ್ಲಿಕ್ ಆಫ್ ಐರ್ಲೆಂಡ್ ಅನ್ನೋ ಹೆಸರುಗಳು ಹೀಗೆ ಗಟ್ಟಿಯಾದವು. ಅಂದಹಾಗೆ ಆ ವಿಶ್ವಕಪ್‌ಗೆ ಜಾಗ ಖಾಲಿಯಾದಾಗ ಡಬ್ಲಿನ್ ತಂಡಕ್ಕೆ ಕರೆ ಬಂದಿತ್ತು, ಅವರು ಒಲ್ಲೆ ಅಂದರು. ಅದೇ ಟೂರ್ನಿಗೆ ಭಾರತವೂ ಹೋಗಲಿಲ್ಲ ಅನ್ನೋದು ನಿಮಗೆ ಗೊತ್ತಿರೋದೇ. ವಿಶ್ವಕಪ್‌ನಲ್ಲಿ ಆಡುವ ಕೇರಿಯ ಅವಕಾಶ ಅಲ್ಲಿಗೆ ಮುಗಿಯಿತು.

ಲೀಗ್ ಕಿರೀಟ ಮಾತ್ರ ಕೊನೆಗೂ ಸಿಕ್ಕಿತು. 1952ರ ಏಪ್ರಿಲ್‌ನಲ್ಲಿ ಆರ್ಸೆನಲ್‌ಗೆ 6–1ರಿಂದ ಬಾರಿಸಿ ಯುನೈಟೆಡ್ ಚಾಂಪಿಯನ್ ಆಯಿತು, 1911ರ ನಂತರ ಮೊದಲ ಸಲ. ಮೂವತ್ತಮೂರರ ಕೇರಿ ಆಗ ಮಧ್ಯದ ಸಾಲಿನಲ್ಲಿ ಆಡುತ್ತಿದ್ದ. ಮರುವರ್ಷ ಸಂಡರ್‌ಲ್ಯಾಂಡ್ ವಿರುದ್ಧ ಗೋಲ್‌ಕೀಪರ್‌ಗೆ ಹುಷಾರಿಲ್ಲ ಅಂದಾಗ ಕ್ಯಾಪ್ಟನ್ನೇ ಗ್ಲೌಸ್ ಹಾಕಿಕೊಂಡು ಗೋಲಿಗೆ ನಿಂತ! ಯುನೈಟೆಡ್‌ಗೆ ಒಟ್ಟು 344 ಪಂದ್ಯ, ಡಬ್ಲಿನ್ ಐರ್ಲೆಂಡಿಗೆ 29. 1953ರಲ್ಲಿ ಆಟ ಬಿಟ್ಟ. ಯುನೈಟೆಡ್ ತನ್ನಲ್ಲೇ ಕೋಚ್ ಆಗು ಅಂದರೂ ಬ್ಲ್ಯಾಕ್‌ಬರ್ನ್‌ಗೆ ಮ್ಯಾನೇಜರ್ ಆಗಿ ಹೋದ.

ಬ್ಲ್ಯಾಕ್‌ಬರ್ನನ್ನು 1958ರಲ್ಲಿ ಫಸ್ಟ್ ಡಿವಿಷನ್‌ಗೆ ಹತ್ತಿಸಿದ. ಅದೇ ವರ್ಷ ಎವರ್ಟನ್ ಕರೆಯಿತು. 1961ರಲ್ಲಿ ಎವರ್ಟನ್ ಐದನೇ ಸ್ಥಾನದಲ್ಲಿ ಮುಗಿಸಿತು, ಯುದ್ಧದ ನಂತರ ಅದರ ಅತ್ಯುತ್ತಮ ಸ್ಥಾನ. ಆದರೆ ಸೀಸನ್ ಮುಗಿಯುವ ಮೊದಲೇ, ಏಪ್ರಿಲ್‌ನಲ್ಲಿ, ಕೇರಿಯ ಕೆಲಸ ಹೋಗಿತ್ತು. ಒಂದು ಸಭೆಗೆ ಅಂತ ಕ್ಲಬ್ ಅಧ್ಯಕ್ಷ ಜಾನ್ ಮೂರ್ಸ್ ಜೊತೆ ಲಂಡನ್‌ಗೆ ಹೋಗಿದ್ದ. ತನ್ನ ಜಾಗಕ್ಕೆ ಬೇರೆಯವರು ಬರ್ತಾರೆ ಅನ್ನೋ ಗಾಳಿಸುದ್ದಿ ಕಿವಿಗೆ ಬಿದ್ದಿತ್ತು, ನಿಜವಾ ಅಂತ ಕೇಳಿದ. ಮೂರ್ಸ್ ಹೌದು ಅಂದ. ಇಬ್ಬರೂ ಆಗ ಟ್ಯಾಕ್ಸಿಯಲ್ಲಿ ಕೂತಿದ್ದರು. ಕೆಲಸದಿಂದ ತೆಗೆಯೋದು ಎಷ್ಟು ಹಳೇ ಕತೆಯೋ, ಅದನ್ನ ಹೇಳೋ ಸಭ್ಯತೆ ಇಲ್ಲದಿರೋದೂ ಅಷ್ಟೇ ಹಳೇದು. ಇವತ್ತು ಇಮೇಲ್ ಬರುತ್ತೆ, ಅಷ್ಟೇ ವ್ಯತ್ಯಾಸ.

ಕೇರಿ ಕೂಗಾಡಲಿಲ್ಲ. ಲಂಡನ್‌ನ ಲೇಟನ್ ಓರಿಯೆಂಟ್ ಅನ್ನೋ ಪುಟ್ಟ ಕ್ಲಬ್ ಸೇರಿದ. ಒಂದೇ ಸೀಸನ್‌ನಲ್ಲಿ ಅದನ್ನ ಫಸ್ಟ್ ಡಿವಿಷನ್‌ಗೆ ಹತ್ತಿಸಿಬಿಟ್ಟ. ಆ ಕ್ಲಬ್ ತನ್ನ ಇಡೀ ಇತಿಹಾಸದಲ್ಲಿ ಮೇಲಿನ ಡಿವಿಷನ್‌ನಲ್ಲಿ ಆಡಿದ್ದು ಆ ಒಂದು ವರ್ಷ ಮಾತ್ರ. 1962ರ ಸೆಪ್ಟೆಂಬರ್‌ನಲ್ಲಿ ಮನೆಯಂಗಳದಲ್ಲಿ ಮ್ಯಾಂಚೆಸ್ಟರ್ ಯುನೈಟೆಡನ್ನು 1–0ಯಿಂದ ಸೋಲಿಸಿತು, ಎವರ್ಟನ್‌ಗೆ 3–0 ಕೊಟ್ಟಿತು. ಆ ಸೀಸನ್ ಎವರ್ಟನ್ ಚಾಂಪಿಯನ್ ಆಯಿತು, ಓರಿಯೆಂಟ್ ಕೊನೆಯ ಸ್ಥಾನದಲ್ಲಿ ಕೆಳಗೆ ಬಿತ್ತು. ಆದರೂ ಆ ಒಂದು ದಿನದ ಖುಷಿಯನ್ನ ಊಹಿಸಿಕೊಳ್ಳಬಹುದು.

ಮುಂದೆ ನಾಟಿಂಗ್‌ಹ್ಯಾಂ ಫಾರೆಸ್ಟ್. 1967ರಲ್ಲಿ ಅದು ಲೀಗ್‌ನಲ್ಲಿ ಎರಡನೇ ಸ್ಥಾನ, ಮೊದಲ ಸ್ಥಾನ ಅದೇ ಬಸ್ಬಿಯ ಯುನೈಟೆಡ್‌ಗೆ. ಮರುವರ್ಷದ ಕೊನೆಗೆ ಅಲ್ಲಿಂದಲೂ ಹೋಗಬೇಕಾಯಿತು. ಮತ್ತೆ ಬ್ಲ್ಯಾಕ್‌ಬರ್ನ್, 1971ರಲ್ಲಿ ಅದು ಥರ್ಡ್ ಡಿವಿಷನ್‌ಗೆ ಬಿದ್ದಾಗ ಮ್ಯಾನೇಜರ್ ಬದುಕು ಮುಗಿಯಿತು. ಇದರ ನಡುವೆ 1955ರಿಂದ 1967ರವರೆಗೆ ಡಬ್ಲಿನ್ ಐರ್ಲೆಂಡಿನ ಮ್ಯಾನೇಜರ್ ಕೂಡ ಅವನೇ. ಹೆಸರಿಗೆ ಮಾತ್ರ ಅನ್ನಬೇಕು, ತಂಡ ಆರಿಸುತ್ತಿದ್ದಿದ್ದು ಸಂಸ್ಥೆಯ ಸಮಿತಿ. ಕೊಟ್ಟ ಹನ್ನೊಂದು ಜನರನ್ನು ಮೈದಾನಕ್ಕೆ ಇಳಿಸೋದಷ್ಟೇ ಮ್ಯಾನೇಜರ್ ಪಾಲಿನ ಕೆಲಸ. ಇಷ್ಟು ವರ್ಷ ಅದನ್ನ ಹೇಗೆ ಸಹಿಸಿದ ಅಂತ ನಮಗಿನ್ನೂ ಅರ್ಥ ಆಗಿಲ್ಲ. 1965ರಲ್ಲಿ ಪ್ಯಾರಿಸ್‌ನಲ್ಲಿ ಸ್ಪೇನ್ ಎದುರು ಒಂದೇ ಒಂದು ಪಂದ್ಯ ಗೆದ್ದಿದ್ದರೆ ವಿಶ್ವಕಪ್‌ಗೆ ಹೋಗುತ್ತಿದ್ದರು. 1–0ಯಿಂದ ಸೋತರು.

ಮೈದಾನ ಬಿಟ್ಟ ಮೇಲೆ ಕೇರಿ ಡಬ್ಲಿನ್‌ಗೂ ಹೋಗಲಿಲ್ಲ, ಬೆಲ್‌ಫಾಸ್ಟ್‌ಗೂ ಹೋಗಲಿಲ್ಲ. ಮ್ಯಾಂಚೆಸ್ಟರ್ ಕಡೆಯೇ ಉಳಿದ. ಮೊದಲು ಬಟ್ಟೆ ವ್ಯಾಪಾರದ ಕಂಪನಿಯೊಂದರಲ್ಲಿ, ಆಮೇಲೆ ಟ್ರಾಫರ್ಡ್ ನಗರಾಡಳಿತದ ಖಜಾನೆ ವಿಭಾಗದಲ್ಲಿ ಕೆಲಸ ಮಾಡಿದ. ಓಲ್ಡ್ ಟ್ರಾಫರ್ಡ್ ಮೈದಾನ ಇರೋದು ಅದೇ ನಗರಾಡಳಿತದ ವ್ಯಾಪ್ತಿಯಲ್ಲಿ. ಒಂದು ಕಾಲಕ್ಕೆ ಯುರೋಪ್ ತಂಡದ ನಾಯಕನಾಗಿದ್ದವನು ಅಲ್ಲಿ ಬೆಳಿಗ್ಗೆ ಆಫೀಸಿಗೆ ಹೋಗಿ ಲೆಕ್ಕ ನೋಡಿ ಸಂಜೆ ಮನೆಗೆ ಬರುತ್ತಿದ್ದ. 1995ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವನಿಗೆ 76 ವರ್ಷ. ಎರಡು ವರ್ಷ ಮೊದಲು ಕಾರ್ಕ್ ನಗರದ ರಾಯ್ ಕೀನ್ ಅನ್ನೋ ಐರಿಷ್ ಹುಡುಗ ಯುನೈಟೆಡ್ ಸೇರಿದ್ದ, 1997ರಲ್ಲಿ ಅವನೂ ಕ್ಯಾಪ್ಟನ್ ಆದ. ಕೀನ್‌ಗೆ ಆಡೋಕೆ ಇದ್ದದ್ದು ಒಂದೇ ಐರ್ಲೆಂಡ್.